ತಾನೇ ಆರುವ ಒಲೆ

ಜೂನ್ 3, ಮಂಗಳವಾರ. ಬೆಳಿಗ್ಗೆ
ಮತ್ತೆ ನಿಂತಿತು. ಬ್ರೆಡ್ಡು ಅರ್ಧ ಬಿಸಿ, ಚಹದ ನೀರು ತಣ್ಣಗೆ. ಗಾಜಿನ ಒಲೆ ಕೀಂ ಕೀಂ ಎಂದು ಆರಿಹೋಯಿತು. ಬೆರಳಿಟ್ಟು ಒತ್ತುವ ಜಾಗವೂ ಸುಡುತ್ತಿದೆ. ಈ ಕಟ್ಟಡಕ್ಕೆ ಗ್ಯಾಸ್ ಬೇರೆ ಇಲ್ಲ. ಎಲಿಯೆಸೆರ್ ಇದ್ದಿದ್ದರೆ ಎರಡು ಬೈದು ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ಗಂಡ ತೀರಿಕೊಂಡ ಮೇಲೆ ಮೊದಲ ಚಳಿಗಾಲ; ಇಲ್ಲಿ ಜೂನ್ ಎಂದರೆ ಚಳಿ...

ಅತ್ತೆ ಕೈ ಕಟ್ಟಿ ನಿಂತಿದ್ದರು. "ನಾನೇನೂ ಮಾಡಿಲ್ಲ ಮಗಳೇ. ಒಲೆಗೇ ಏನೋ ಮುನಿಸು."

ಜೂನ್ 4
ಮೈದುನ ನಿಬಾಲ್ದೊ ದೂರದ ಗಣಿಯೂರು ಕಲಾಮಾದಿಂದ ಫೋನ್ ಮಾಡಿದ್ದ. ಗಣಿಯ ಗದ್ದಲದ ನಡುವೆ ಕೂಗು.

"ಅಮ್ಮ ಆರಿಸೋದು ಮರೀತಾಳೆ, ಅಷ್ಟೇ. ನೀನು ಕೆಲಸಕ್ಕೆ ಹೋದಾಗ ಮನೆ ಹೊತ್ಕೊಂಡ್ರೆ? ನಾನೇ ಬಂದು ಅವಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ."

"ಮರೆವಲ್ಲ. ಒಲೇನೇ ಕೆಟ್ಟಿದೆ."

"ಅತ್ತಿಗೆ, ನೀನೇನು ಒಲೆ ಕಡೆ ವಕೀಲಳಾ?"

ಅತ್ತೆ ಹೋದರೆ ಈ ಮನೆಯಲ್ಲಿ ಎಲಿಯೆಸೆರ್ ಹೆಸರು ಹಿಡಿದು ಕರೆಯುವವರು ಯಾರು? ಕೆಲಸದ ಕಡೆ ಯಾರೂ ಹೇಳುವುದಿಲ್ಲ. ನನಗೆ ನೋವಾದೀತೆಂದು. ಅತ್ತೆ ಮಾತ್ರ ಈಗಲೂ ಬೈಯುತ್ತಾರೆ — "ಆ ಕತ್ತೆ ಉಪ್ಪು ಎಲ್ಲಿಟ್ಟ?" ಕಿವಿಗೆ ಹಿತ.

ಜೂನ್ 7
ರಿಪೇರಿಯವರು ಫೋನಿನಲ್ಲಿ ಹೇಳಿದರು: ಒಲೆಯ ಕೆಳಗಿನ ಡ್ರಾಯರ್ ತುಂಬಿದ್ದರೆ ಗಾಳಿಯಾಡುವುದಿಲ್ಲ, ಖಾಲಿ ಮಾಡಿ. ಅದು ಅವನ ಡ್ರಾಯರ್. ಅಳತೆಪಟ್ಟಿ, ಸತ್ತ ಬ್ಯಾಟರಿಗಳು, ಯಾವ ಬೀಗದ್ದೋ ತಿಳಿಯದ ಕೀಲಿಗಳು. ರಟ್ಟಿನ ಪೆಟ್ಟಿಗೆಗೆ ಹಾಕಿದೆ. ಮುಚ್ಚಲು ಆಗಲಿಲ್ಲ.

ಜೂನ್ 12
ಮತ್ತೆ ಆರಿತು. ಡ್ರಾಯರ್ ಸುಮ್ಮನೆ ಖಾಲಿ ಮಾಡಿದ್ದಾಯಿತು.

ಜೂನ್ 16
ರಿಪೇರಿಗೆ ಯಾಸ್ನಾ ಎಂಬ ಹುಡುಗಿ ಬಂದಳು. ಬಿಚ್ಚಿದಳು, ಊದಿದಳು, ಮುಚ್ಚಿದಳು. ಏನೂ ಕೆಟ್ಟಿಲ್ಲ. "ಬೆಳಿಗ್ಗೆ ಏನಿಡ್ತೀರಾ ಇದರ ಮೇಲೆ?"

ಅತ್ತೆ ಹೆಮ್ಮೆಯಿಂದ ಬ್ರೆಡ್ಡು ಕಾಯಿಸುವ ತಮ್ಮ ತೋಸ್ತದೋರ್ ತಂದರು. ತಗಡು, ಮೇಲೆ ತಂತಿ ಜಾಲರಿ, ಹಿಡಿ. ಯಾರ ಮನೆಯಲ್ಲಿಲ್ಲ?

ಯಾಸ್ನಾ ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜೀ! ಇದು ಗ್ಯಾಸ್ ಉರಿಗೆ ಹುಟ್ಟಿದ್ದು. ಗಾಜಿನ ಮೇಲಿಟ್ರೆ ಶಾಖ ವಾಪಸ್ ಕೆಳಕ್ಕೇ ಹೊಡೆಯುತ್ತೆ. ಒಳಗೆಲ್ಲ ಕಾದು, ಒಲೆ ಪ್ರಾಣ ಉಳಿಸ್ಕೊಳ್ಳೋಕೆ ತಾನೇ ಆರುತ್ತೆ. ನಮ್ಮಮ್ಮಂದೂ ಇದೇ ಕತೆ."

"ಬ್ರೆಡ್ಡು ತಣ್ಣಗೆ ತಿನ್ನೋಕೆ ನಾವೇನು ಜೈಲಲ್ಲಿದೀವಾ?" ಎಂದರು ಅತ್ತೆ.

ಕೂಡಲೇ ನಿಬಾಲ್ದೊಗೆ ಫೋನ್ ಮಾಡಿದೆ. "ಮರೆವಲ್ಲ. ತಗಡು."

ನಕ್ಕ. "ಸರಿ ಅತ್ತಿಗೆ, ಕೇಸು ಗೆದ್ದೆ."

ಜೂನ್ 19
ಕರೆಂಟಿನ ಟೋಸ್ಟರ್ ತಂದೆ. ಅತ್ತೆ ಅದನ್ನು ಮಾತಾಡಿಸುವುದಿಲ್ಲ. ಒಲೆ ಒಮ್ಮೆಯೂ ನಿಂತಿಲ್ಲ. ನಿದ್ದೆ ಬಂತು.

ಜೂನ್ 24. ಸಂಜೆ
ಕೆಲಸದಿಂದ ಬಂದು ಬಾಗಿಲು ತೆಗೆದರೆ ಬೆಚ್ಚಗಿತ್ತು. ಒಲೆ ಕೆಂಪಗೆ ಉರಿಯುತ್ತಿದೆ. ಮೇಲೆ ಏನೂ ಇಲ್ಲ. ಪಕ್ಕದ ಒರೆಸುಬಟ್ಟೆಯ ಅಂಚು ಕಂದಿತ್ತು. ಅತ್ತೆ ಟಿವಿ ಮುಂದೆ.

"ಆರಿಸಲಿಲ್ವಾ ಅತ್ತೆ?"

"ಅದು ತಾನೇ ಆರುತ್ತಲ್ಲ ಮಗಳೇ."

ಇಷ್ಟು ದಿನ ಆರುತ್ತಿತ್ತು, ಹೌದು. ಅವರು ಮರೆತದ್ದು ನನಗೆ ಕಾಣುವ ಮೊದಲೇ. ನಾನೇ ನಿಂತು ಸರಿಮಾಡಿಸಿದೆ.

ಜೂನ್ 26
ಹೋಗುವಾಗ ಒಲೆಯ ಮೇನ್ ಸ್ವಿಚ್ ಆರಿಸಿ ಹೋದೆ. ಬೇರೇನೂ ತೋಚಲಿಲ್ಲ. ಮಧ್ಯಾಹ್ನ ತಣ್ಣನೆ ಹುರುಳಿಕಾಳು ತಿಂದಿದ್ದಾರೆ, ಕೋಟು ಹಾಕಿಕೊಂಡೇ. ದೂರಲಿಲ್ಲ.

"ಒಲೆ ಸತ್ತಿದೆ. ಇರಲಿ ಬಿಡು. ರಾತ್ರಿ ಎಲಿಯೆಸೆರ್ ಬಂದು ನೋಡ್ತಾನೆ."

ತಮಾಷೆಯೇನೋ ಎಂದು ಮುಖ ನೋಡಿದೆ. ಮೂರು ತಟ್ಟೆ ಇಡುತ್ತಿದ್ದರು.

ಊಟಕ್ಕೆ ಕೂತೆ.

ಜೂನ್ 29, ಭಾನುವಾರ
ನಿಬಾಲ್ದೊ ಫೋನ್. ಅತ್ತೆ ಚೆನ್ನಾಗಿಯೇ ಮಾತಾಡಿದರು, ಅವನ ಕೆಮ್ಮಿಗೆ ಬೈದರು, ಫೋನ್ ನನಗೆ ಕೊಟ್ಟು ಎದುರಿಗೇ ಕೂತರು.

"ಒಲೆ ಹೇಗಿದೆ ಅತ್ತಿಗೆ?"

"ಚೆನ್ನಾಗಿದೆ." ಸುಳ್ಳಲ್ಲ.

"ಅಮ್ಮ?"

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. "ಚೆನ್ನಾಗಿದ್ದಾರೆ" ಎಂದೆ. ಇದು ಸುಳ್ಳು.