ನಿಮ್ಮಣ್ಣ ಮನೆಗೆ ಬರ್ತಿದ್ದಾರೆ

ರೀ,

ಓದಿ ಕೂಗಾಡಬೇಡಿ. ನೀವು ಮಾತು ಬಿಟ್ಟಿರೋ ನಿಮ್ಮಣ್ಣನಿಗೆ ಇವತ್ತು ಆಸ್ಪತ್ರೆಯಿಂದ ಡಿಸ್ಚಾರ್ಜ್. ಕಾಲು ಮುರಿದಿದೆ, ನೋಡ್ಕೊಳ್ಳೋರು ಯಾರೂ ಇಲ್ಲ. ನಮ್ಮನೆಗೇ ಬನ್ನಿ ಅಂದುಬಿಟ್ಟೆ. ನಿಮ್ಮನ್ನ ಕೇಳ್ಲಿಲ್ಲ; ಕೇಳಿದ್ರೆ ಬೇಡ ಅಂತಿದ್ರಿ.

ಅವರು ಸಂಜೆಗೆ ಬರ್ತಾರೆ, ನನ್ನ ಡ್ಯೂಟಿ ಮುಗಿಯೋದು ರಾತ್ರಿ. ಅಷ್ಟು ಹೊತ್ತು ನೀವಿಬ್ಬರೇ.

ಮುಂದಿನ ರೂಮಲ್ಲಿ ಹಾಸಿಗೆ ಹಾಸಿದ್ದೀನಿ. ಬಚ್ಚಲಿಗೆ ಹೋಗುವಾಗ ಕೈ ಹಿಡೀರಿ. ಮುಖ ಗಂಟು ಹಾಕ್ಕೊಂಡಾದ್ರೂ ಸರಿ, ಹಿಡೀರಿ.

ಭಾನುವಾರ ಚರ್ಚಲ್ಲಿ ಒಬ್ಬರಿಗೊಬ್ಬರು ‘ಸಮಾಧಾನ ನಿಮಗಿರಲಿ’ ಅಂತ ಹೇಳುವಾಗ ಎಲ್ಲರ ಕೈ ಕುಲುಕ್ತೀರಿ. ಅವರ ಬೆಂಚು ಬಂದ ತಕ್ಷಣ ಇಲ್ಲದ ಶೂ ಲೇಸ್ ಕಟ್ಟೋಕೆ ಬಗ್ತೀರಲ್ಲ, ದೇವರಿಗೆ ಕಾಣಲ್ವಾ?

ಮಾತು ಹೊರಡದಿದ್ರೆ ಊಟದ ಪ್ರಾರ್ಥನೆ ಅವರೇ ಮಾಡ್ಲಿ. ಕೊನೇಲಿ ನೀವು ‘ಆಮೆನ್’ ಅನ್ನಿ, ಸಾಕು.