ಇಂಜಿನ್ನಿಗೆ ಬೆಳ್ಳಿ ಬಣ್ಣ

ಕೂನೂರು,
9-2-1998

ಮಹದೇವನ ಅಪ್ಪನವರಿಗೆ ನಂಜಮ್ಮನ ನಮಸ್ಕಾರಗಳು.

ಆಪರೇಷನ್ ಆದ ಕಣ್ಣು ಹೇಗಿದೆ? ಕಟ್ಟು ಬಿಚ್ಚುವವರೆಗೂ ಬಗ್ಗಬಾರದು, ಕಣ್ಣಲ್ಲಿ ನೀರು ತರಿಸಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿರಲಿ. ಮೈಸೂರಿನ ಬಿಸಿಲಿಗೆ ಬನಿಯನ್ನಿನಲ್ಲಿ ಕುಳಿತು ಮಗಳ ಮನೆಯವರನ್ನೆಲ್ಲ ರೇಗಿಸುತ್ತಿರುತ್ತೀರಿ, ನನಗೆ ಗೊತ್ತಿಲ್ಲವೇ? ಕೆತ್ತಿ ಊರಿನ ಕಡೆ ಹಿಮ ಬಿದ್ದು ಕ್ಯಾರೆಟ್, ಬೀನ್ಸ್ ಎಲ್ಲ ಹೋಯಿತಂತೆ. ಇಲ್ಲಿ ಬರೀ ಚಳಿ. ನಾನು ಚೆನ್ನಾಗಿದ್ದೇನೆ.

ಇನ್ನು ನನ್ನ ಸವತಿಯ ವಿಷಯ. ವರ್ಷಗಟ್ಟಲೆ ನೀವು ಕಲ್ಲಿದ್ದಲು ಉಣಿಸಿದ ಆ ಹಳೆಯ ರೈಲು ಇಂಜಿನ್ನನ್ನು ಮತ್ತೆ ಓಡಿಸಲೆಂದು ನಿನ್ನೆ ಭಾನುವಾರ ಅದರ ಒಲೆಗೆ ಬೆಂಕಿ ಹಾಕಿದರು. ಯಾರಾದರೂ ಫೋನ್ ಮಾಡಿ ಇಲ್ಲದ್ದನ್ನೆಲ್ಲ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ನೀವು ಬರುವವರೆಗೆ ಕಾಯಿರೋ ಎಂದು ಬಡಕೊಂಡೆ. ಆದರೆ ಈ ತಿಂಗಳೊಳಗೆ ಅದು ಓಡದಿದ್ದರೆ ರೈಲ್ವೆಯವರು ಕೆಳಗಿನ ಯಾವುದೋ ಸ್ಟೇಷನ್ನಿನ ಮುಂದೆ ಕಟ್ಟೆ ಕಟ್ಟಿ ಬೊಂಬೆಯ ಹಾಗೆ ನಿಲ್ಲಿಸಿಬಿಡುತ್ತಾರಂತೆ. ನಮ್ಮ ಮಗನಿಗೂ ಅವನ ಜೊತೆಯವರಿಗೂ ಅದೇ ಚಿಂತೆ. ಸಂಬಳವಿಲ್ಲ, ಸಾರಿಗೆಯಿಲ್ಲ, ಎರಡು ವರ್ಷದಿಂದ ರಜೆಯೆಲ್ಲ ರಿಪೇರಿ ಮಾಡುತ್ತಾ ಅದರ ಹೊಟ್ಟೆಯೊಳಗೇ ಕಳೆಯಿತು.

ಬಾಯ್ಲರಿನ ಪರೀಕ್ಷೆ ಹಿಂದಿನ ವಾರ ಸರಿಯಾಗಿಯೇ ಆಗಿತ್ತು. ಆಮೇಲೆ ಬೋರ್ಡು ಬರೆಯುವ ಜೋಗಿ, ಪೂಜೆಗೆ ಕಳೆಕಳೆಯಾಗಿರಲಿ ಎಂದು ಇಂಜಿನ್ನಿನ ಮೈಗೆಲ್ಲ ಬಣ್ಣ ಬಳಿದ. ಪುಣ್ಯಾತ್ಮ, ಭಕ್ತಿ ಹೆಚ್ಚಾಗಿ ಸೇಫ್ಟಿ ವಾಲ್ವಿಗೂ ಬೆಳ್ಳಿ ಬಣ್ಣದ ಮೇಲೆ ಬೆಳ್ಳಿ ಬಣ್ಣ ಹೊಡೆದಿದ್ದಾನೆ. ಹಬೆ ಜಾಸ್ತಿಯಾದರೆ ತಾನೇ ತೆರೆದುಕೊಳ್ಳಬೇಕಾದ ಬಾಯಿ ಅದು. ಬಣ್ಣ ಒಣಗಿ ಅಂಟಿಕೊಂಡುಬಿಟ್ಟಿದೆ, ಯಾರೂ ನೋಡಿಲ್ಲ. ಬೆಂಕಿ ಹಾಕಿದವನು ಟೀ ಫ್ಯಾಕ್ಟರಿಯ ಹಾಲನ್. ಅಲ್ಲಿ ಎಲೆ ಒಣಗಿಸುವ ಒಲೆಗೆ ತುಂಬುವ ಹಾಗೆ ಇಲ್ಲೂ ಬಾಯಿತುಂಬ ತುಂಬಿದ.

ನಾನು ಶೆಡ್ಡಿಗೆ ಬುತ್ತಿ ತೆಗೆದುಕೊಂಡು ಹೋದಾಗ ಎಲ್ಲರೂ ಹಬೆಯ ಮೀಟರಿನ ಮುಳ್ಳನ್ನೇ ನೋಡುತ್ತಿದ್ದರು. ಅದು ಕೆಂಪು ಗೆರೆ ದಾಟಿತು. ವಾಲ್ವು ಬಾಯಿ ಬಿಡಲಿಲ್ಲ. ಮುಳ್ಳು ಮತ್ತೂ ಏರಿತು. ಹಾಲನ್ ಬಾಯ್ಲರಿಗೆ ತಣ್ಣೀರು ಬಿಡುತ್ತಲೇ “ಅಕ್ಕಾ, ನಿಲ್ಲಬೇಡ, ಓಡು!” ಎಂದು ಕೂಗಿದ. ಮಗನನ್ನು ಬಿಟ್ಟು ಹೇಗೆ ಓಡಲಿ? ಮಿಕ್ಕವರು ಕೆಳಗೆ ಹಾರಿದರೆ ನಮ್ಮ ಮಹದೇವ ಮೇಲಕ್ಕೆ ಹತ್ತಿದ. “ಬೆಂಕಿ ಎಳೀದಿದ್ರೆ ಶೆಡ್ಡೇ ಹೋಗುತ್ತೆ ಅವ್ವಾ, ನೀನ್ ನಡಿ” ಎಂದವನೇ ಉದ್ದನೆಯ ಕೊಕ್ಕೆ ಹಾಕಿ ಕೆಂಡವನ್ನೆಲ್ಲ ಹೊರಗೆ ಎಳೆಯತೊಡಗಿದ. ಹೆತ್ತ ಹೊಟ್ಟೆ, ಏನು ಹೇಳಲಿ. ಕಂಡ ದೇವರಿಗೆಲ್ಲ ಹರಕೆ ಹೊತ್ತೆ, ನಿಮಗೂ ಮನಸ್ಸಿನಲ್ಲೇ ಬೈದೆ. ಕೊನೆಗೆ ಹಾಲನ್ “ಮುಳ್ಳು ಇಳೀತು, ಇಳೀತು” ಎಂದ.

ಇಂಜಿನ್ನಿಗೆ ಏನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ. ಜೋಗಿ ಮನೆಗೆ ಬಂದು ಅಳುತ್ತಾ ಕುಳಿತಿದ್ದ. ಬೈಯದೆ ಕಾಫಿ ಕೊಟ್ಟು ಕಳಿಸಿದೆ. ನೀವು ಗಾಬರಿಯಾಗಿ ಬಸ್ಸು ಹತ್ತಬೇಡಿ. ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ.

ಇತಿ ನಿಮ್ಮ,
ನಂಜಮ್ಮ

ವಿ.ಸೂ.: ರೂಪಾ, ಅಪ್ಪನಿಗೆ ಓದುವುದನ್ನು ಇಲ್ಲಿಗೆ ನಿಲ್ಲಿಸು. ಇದು ನಿನಗೆ. ಅಣ್ಣನ ಬಲಗೈ ಮೊಣಕೈವರೆಗೂ ಸುಟ್ಟಿದೆ. ಆಸ್ಪತ್ರೆಯಲ್ಲಿದ್ದಾನೆ. ಬೆರಳು ಮಡಚಲು ಬರುತ್ತದೋ ಇಲ್ಲವೋ, ಡಾಕ್ಟರು ಬಾಯಿ ಬಿಡುತ್ತಿಲ್ಲ. ಕಣ್ಣಿನ ಕಟ್ಟು ಬಿಚ್ಚುವವರೆಗೆ ಅಪ್ಪನಿಗೆ ತಿಳಿಯಬಾರದು, ಅವರು ಅಳಬಾರದು. ಇನ್ನೊಂದು ಸಲ ಓದು ಎಂದು ಕೇಳಿದರೆ, ಇಂಜಿನ್ನಿಗೆ ಏನೂ ಆಗಿಲ್ಲ ಎಂದು ಬರೆದಿದ್ದೇನಲ್ಲ, ಅಷ್ಟನ್ನು ಓದು. ಅದು ಸುಳ್ಳಲ್ಲ.