ಕಡೆಯ ಹಾಡು ಯಾರದು

ಹುಮನಾಬಾದ
೧೬ ಫೆಬ್ರವರಿ, ಭಾನುವಾರ

ಪ್ರೀತಿಯ ಕುನಾಲ ಅಣ್ಣಾ, ಜೈಭೀಮ.

ನಿನ್ನ ಗಂಟಲು ಈಗ ಹೇಗಿದೆ? ಬಸವಕಲ್ಯಾಣದ ಆ ಕೋಣೆಯಲ್ಲಿ ಹಾಡು ಹಚ್ಚಿಕೊಂಡು ಕೂತರೆ ನಿಮಗ್ಯಾರಿಗೂ ಊಟದ ನೆನಪಿರುವುದಿಲ್ಲ ಎಂದು ಅವ್ವನಿಗೆ ಗೊತ್ತು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದಾಳೆ. ಡಬ್ಬಿಯನ್ನು ಡ್ರಮ್ ಬಾರಿಸುವ ಸಮ್ಯಕನ ಕೈಗೆ ಮಾತ್ರ ಕೊಡಬೇಡ. ನಾವೆಲ್ಲ ಆರಾಮ ಇದ್ದೇವೆ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ನರಸಿಂಗ ಕಾಕಾನ ಕೈಯಲ್ಲಿ ಈ ಕಾಗದ.

ನಿಮ್ಮ ಮೊದಲ ಆಲ್ಬಮ್ ಬಗ್ಗೆ ಜನ ಏನನ್ನುತ್ತಾರೆ ಎಂದು ಕೇಳಿದ್ದೆಯಲ್ಲ, ಇದ್ದದ್ದು ಇದ್ದಂತೆ ಬರೆಯುತ್ತೇನೆ. ಓಣಿಯಲ್ಲಿ ಎಲ್ಲರ ಫೋನಿನಲ್ಲೂ ಈಗ ಅದೇ. ಮೊಬೈಲ್ ಅಂಗಡಿಯ ಧರ್ಮೇಂದ್ರ, "ಕೀಬೋರ್ಡ್ ಮಸ್ತ್ ಅದ, ಆದ್ರ ನಿಮ್ಮಣ್ಣ ಹಾಡ್ತಾನೋ, ಬಸ್ಸಿನ ಬೋರ್ಡ್ ಓದ್ತಾನೋ?" ಎಂದ. ಬಟ್ಟೆ ಹೊಲಿಯುವ ಇಶ್ರತ್ ಆಪಾ, "ಅದೇ ಛಲೋ ಅದ. ಅಳೂದಿಲ್ಲ, ಕರಿಯೂದಿಲ್ಲ, ಸೀದಾ ಹೇಳ್ತಾನ" ಎಂದು ಜಗಳಕ್ಕೇ ನಿಂತಳು. ನಾಲ್ಕನೆಯ ಹಾಡು ಕಾಕಾನಿಗೆ ಸಾಲಲಿಲ್ಲ. "ಅರ್ಧ ರೊಟ್ಟಿಗೇ ಪಂಕ್ತಿಯಿಂದ ಎಬ್ಬಿಸಿದಂಗಾತು" ಎಂದ. ನೀನು ಅದನ್ನು ಉದ್ದ ಮಾಡಬೇಡ. ಅದು ಫಕ್ಕನೆ ನಿಲ್ಲುವುದೇ ನನಗೆ ಸೇರುತ್ತದೆ.

ಕಡೆಯ ಹಾಡು ಮಾತ್ರ ಎಲ್ಲರಿಗೂ ಬೇಕು. ಅದು ನನ್ನ ಧ್ವನಿ ಎಂದು ಯಾರಿಗೂ ತಿಳಿಯಲಿಲ್ಲ. ಹೆಸರು ಹಾಕಬೇಡ ಎಂದು ನಾನೇ ನಿನ್ನ ಬೆನ್ನು ಬಿದ್ದಿದ್ದೆ. ಖಾಲಿ ಕೈಯಲ್ಲಿ ನಿಂತರೆ ನನಗೆ ಸ್ವರ ಹೊರಡದೆಂದು ಸ್ಟುಡಿಯೋಗೆ ನೀನು ಜೋಳ, ಮೊರ ಹೊತ್ತು ತಂದಿದ್ದೆ. ಹಾಡುತ್ತ ನಾನು ಕೇರಿದ ಆ ಸಪ್ಪಳ ಧರ್ಮೇಂದ್ರನ ಕಿವಿಗೆ ಕಂಪ್ಯೂಟರಿನದು, ಇಶ್ರತ್ ಆಪಾಗೆ ಗೆಜ್ಜೆಯದು. "ಬಸವಕಲ್ಯಾಣದ ಕಾರ್ಯಕ್ರಮದಲ್ಲಿ ಈ ಹಾಡನ್ನು ಕಲಬುರಗಿಯ ಪೂನಂ ಅಕ್ಕ ಹಾಡುತ್ತಾಳೆ, ನಿನಗೆ ಜನರ ಮುಂದೆ ನಿಲ್ಲಲಾಗದು" ಎಂದು ನೀನು ಹೇಳಿದಾಗ ನನಗೆ ನಿರಾಳವಾಗಿತ್ತು. ಆದರೆ ಆಮೇಲೆ ಆ ಹಾಡು ಕೇಳಿದಾಗಲೆಲ್ಲ ಪೂನಂ ಅಕ್ಕನ ಮೇಲೆ ಹೊಟ್ಟೆಕಿಚ್ಚು.

ನಿನ್ನೆ ಬೇಮಳಖೇಡದಿಂದ ಸರುಬಾಯಿ ಅತ್ತಿ ಬಂದಳು. ಅಂಗಳದಲ್ಲಿ ಹೆಂಗಸರೆಲ್ಲ ಅದೇ ಹಾಡು ಕೇಳುತ್ತಿದ್ದರು. ಅತ್ತಿ ಚೂರು ಕೇಳಿ, "ಯಾರಿಕಿ ಜ್ವಾಳಾ ಕೇರಾಕತ್ತಾಳ? ಎರಡ್ ಸಲ ಕೇರ್ತಾಳ, ನಿಂದರ್ತಾಳ, ಮತ್ತ ಎರಡ್ ಸಲ ಕೇರ್ತಾಳ. ಹಿಂಗ ಕೇರಾಕಿ ಎಲ್ಲಾ ಕಡೆ ಹುಡುಕಿದ್ರೂ ಒಬ್ಬಾಕೇ. ನಮ್ಮ ಮಯೂರಿ!" ಎಂದುಬಿಟ್ಟಳು. ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವ ಸುಮ್ಮನಿರಬೇಕಲ್ಲ, "ಎಷ್ಟ ಕಲಿಸಿದ್ರೂ ಜ್ವಾಳದಾಗ ಹೊಟ್ಟು ಹಂಗೇ ಬಿಡ್ತಾಳ" ಎಂದಳು. ನಕ್ಕು ನಕ್ಕು ಸಾಕಾದ ಮೇಲೆ ಎಲ್ಲರೂ "ಹಾಡು" ಎಂದರು. ಹಾಡಿದೆ ಅಣ್ಣಾ. ಮೊದಲ ಸಾಲಿಗೆ ನೆಲ ನೋಡಿದೆ, ಎರಡನೆಯದಕ್ಕೆ ಆಪಾಳ ಮುಖ ನೋಡಿದೆ. ಕೈಯಲ್ಲಿ ಏನೂ ಇರಲಿಲ್ಲ. ಹಾಡು ಮುಗಿದ ಮೇಲೆ ಅದು ನನ್ನ ಲಕ್ಷ್ಯಕ್ಕೆ ಬಂತು.

ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಳೆಂದೇ ತಿಳಿ. ನಿನ್ನ ಗೆಳೆಯರಿಗೂ ನನ್ನ ಜೈಭೀಮ ಹೇಳು.

ನಿನ್ನ ತಂಗಿ
ಮಯೂರಿ

ತಾ.ಕ.: ಕಾಕಾ ಬಸ್ಸಿಗೆ ಹೊರಟು ನಿಂತಿದ್ದಾನೆ. ಮುಂಜಾನೆ ಪೂನಂ ಅಕ್ಕನಿಗೆ ನಾನೇ ಫೋನ್ ಮಾಡಿ, ಆ ಹಾಡಿಗೆ ನೀವು ಬರುವುದು ಬೇಡ ಎಂದೆ. "ಮತ್ತ ಯಾರ್ ಹಾಡ್ತಾರ?" ಎಂದು ಕೇಳಿದಳು. ನನ್ನ ಹೆಸರು ಹೇಳಿದೆ. ಪೋಸ್ಟರ್ ಛಾಪಾ ಆಗಿರದಿದ್ದರೆ ನೀನೂ ಅದನ್ನೇ ಹಾಕಿಸು. ಆಗಿದ್ದರೆ ಪೆನ್ನಿನಿಂದ ತಿದ್ದು.